ಭರಣಿಯೊಳಗಿನ ಅಂಗಿ

ನಾಯಿಯ ಮೇಲೆ ಹೊಟ್ಟೆಕಿಚ್ಚುಪಡುವವಳು ಲೋಕದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು, ಜೋಲನ ಕಿವಿಯನ್ನು ಮಗುಚಿ ಹತ್ತಿಯಿಂದ ಒರೆಸುತ್ತಾ. ಅಪ್ಪನ ದನಿ ನೆನಪಿತ್ತು, ನಡಿಗೆ ನೆನಪಿತ್ತು. ಮೈವಾಸನೆ ಮಾತ್ರ ಎಷ್ಟು ಕಣ್ಣು ಮುಚ್ಚಿ ಕೂತರೂ ಬರುತ್ತಿರಲಿಲ್ಲ. ಈ ಪ್ರಾಣಿಗೆ ಅದು ಗೊತ್ತು. ಗೊತ್ತಿದ್ದೂ ಹೇಳುವುದಿಲ್ಲ.

ಜೋಲನ ಕಿವಿಗಳು ನೆಲ ಗುಡಿಸುವಷ್ಟು ಉದ್ದ. ತಿನ್ನುವಾಗ ತಟ್ಟೆಯೊಳಗೆ ಬೀಳದ ಹಾಗೆ ತಲೆಗೆ ಬಟ್ಟೆ ಕಟ್ಟಬೇಕು. ಒಳಗೆ ಗಾಳಿಯಾಡದೆ ಕೀವಾಗುತ್ತದೆ, ಅದಕ್ಕೇ ಈ ಒರೆಸಾಟ. ಕಣ್ಣಿನ ಕೆಳಗಿನ ಮಡಿಕೆಗಳ ಕೊಳೆಯನ್ನೂ ತೆಗೆಯಬೇಕು. ಕಾಣೆಯಾದವರ ಜಾಡು ಹಿಡಿಯಲು ಇಂಥ ನಾಯಿಗಳನ್ನು ಪಳಗಿಸುವುದು ಅಪ್ಪನ ಕೆಲಸವಾಗಿತ್ತು. "ಮೂಗು ನೆಲಕ್ಕಿಟ್ಟಿತು ಅಂದ್ರೆ ಇದಕ್ಕೆ ಕಿವಿ ಕೇಳಲ್ಲ. ಹಗ್ಗ ಬಿಟ್ಟೆಯೋ, ಕೆಟ್ಟೆ," ಅನ್ನುತ್ತಿದ್ದ. ಮಳೆ ಶುರುವಾದಾಗ ಯಾರನ್ನೋ ಹುಡುಕಲು ಕಾಡಿಗೆ ಹೋದ. ಆ ಯಾರೋ ಮರುದಿನ ತಾನಾಗಿಯೇ ಮನೆ ಸೇರಿದ, ಅಪ್ಪ ಸೇರಲಿಲ್ಲ. ಜೋಲ ಬಂತು, ಹಗ್ಗ ಎಳೆದುಕೊಂಡು, ಒಂದೇ. ಹೊಳೆ ತುಂಬಿ ಹುಡುಕಾಟವೂ ನಿಂತುಹೋಯಿತು.

"ಅತ್ತಿಗೇ, ಇದ್ದೀರಾ?" ಚಪ್ಪಲಿ ಬಿಡುತ್ತಲೇ ಚಿಕ್ಕಪ್ಪ ಕೂಗಿದ. ಅವನದೂ ಅಪ್ಪನದೇ ಕೆಲಸ. ಅವಳನ್ನು ನೋಡಿ, "ಏನೇ ಗೂಬೆಮರಿ, ಮಾತು ಕಲಿತೆಯಾ ಇಲ್ವಾ? ಜೋಲನ ಜೊಲ್ಲಾದ್ರೂ ಒಂದಿನ ನಿಂತೀತು, ನಿನ್ನ ಬಾಯಿ ತೆರೆಯಲ್ಲ ಬಿಡು," ಎಂದ. ಅವಳು ನಕ್ಕಳು. ಮಾತಾಡುವುದಕ್ಕಿಂತ ಅದು ಸುಲಭ.

ಅಮ್ಮ ಹೊರಬಂದಳು. ಚಿಕ್ಕಪ್ಪ ನಿಂತೇ ಹೇಳಿದ. "ಹೊಳೆ ಇಳಿದಿದೆ ಅತ್ತಿಗೆ, ಆಚೆ ದಡಕ್ಕೆ ದಾಟಬಹುದು. ಹಳೇ ಜಾಡು ಉಳಿದಿರಲ್ಲ, ಒಪ್ತೀನಿ. ಆದ್ರೆ ಅಣ್ಣನ್ನ ಬಿಟ್ಟುಬಂದ ಜಾಗ ಜೋಲನಿಗೆ ಗೊತ್ತಿರುತ್ತೆ. ನಾಳೆ ಕರ್ಕೊಂಡು ಹೋಗ್ತೀನಿ. ಮತ್ತೆ ಮಳೆ ಹಿಡೀತು ಅಂದ್ರೆ ಏನೂ ಸಿಗಲ್ಲ. ಮೂಳೆ ಕೂಡ..." ನಾಲಿಗೆ ಕಚ್ಚಿಕೊಂಡ.

"ಜೋಲನ್ನ ಎಲ್ಲಿಗೂ ಕಳಿಸಲ್ಲ," ಅಂದಳು ಅಮ್ಮ. "ಮನೇಲಿರೋರನ್ನ ಕಾಡಲ್ಲಿ ಹುಡುಕ್ತಾರೇನಪ್ಪ ಯಾರಾದ್ರೂ? ಇರು, ತೋರಿಸ್ತೀನಿ."

ಬಿಗಿ ಮುಚ್ಚಳದ ಗಾಜಿನ ಭರಣಿ ತಂದಳು. ಅದರಲ್ಲಿ ಅಪ್ಪ ಕೊನೆಗೆ ಬಿಚ್ಚಿಟ್ಟುಹೋದ ಅಂಗಿ. ಕಾಣೆಯಾದವರ ಬಟ್ಟೆಯನ್ನು ಅಪ್ಪ ಇಕ್ಕಳದಲ್ಲೇ ಎತ್ತುತ್ತಿದ್ದ, ಆ ಮನೆಯವರಿಗೂ ಮುಟ್ಟಗೊಡುತ್ತಿರಲಿಲ್ಲ. ಅಮ್ಮ ಎರಡೂ ಕೈಯಿಂದ ಅಂಗಿ ತೆಗೆದು, ದಿನಾ ಸಂಜೆ ಮಾಡುವಂತೆ, ಮೊದಲು ತನ್ನ ಮುಖಕ್ಕೆ ಒತ್ತಿಕೊಂಡಳು. ಕುರ್ಚಿಯಲ್ಲಿ ಕೂತು, ಆಮೇಲೆ ಜೋಲನ ಮೂಗಿಗೆ ಹಿಡಿದಳು.

ಮೊದಮೊದಲು ಅದನ್ನು ಮೂಸಿದ ಕೂಡಲೇ ಜೋಲ ಗೇಟಿನತ್ತ ಎಳೆದಾಡಿ, ಕತ್ತೆತ್ತಿ, ಬಾವಿಯೊಳಗಿಂದ ಬಂದಂಥ ದನಿಯಲ್ಲಿ ಊಳಿಡುತ್ತಿತ್ತು. ಈಗ ಗೇಟಿನ ಕಡೆ ತಿರುಗಲೂ ಇಲ್ಲ. ಮೂಗು ನೆಲಕ್ಕಿಟ್ಟು ಒಳಕ್ಕೆ ನಡೆಯಿತು. ಅಪ್ಪನ ಮೇಜಿನ ಬಳಿ ತುಸು ನಿಂತಿತು. ಮಂಚವನ್ನು ಸುತ್ತಿತು. ಯಾರೋ ಮುಂದೆ ಮುಂದೆ ನಡೆಯುತ್ತಿದ್ದಾರೆ, ಇದು ಹಿಂದೆ ಹಿಂದೆ ಹೋಗುತ್ತಿದೆ, ಹಾಗಿತ್ತು ಉಗುರುಗಳ ಸದ್ದು. ಗೊತ್ತಿದ್ದೂ ಅವಳ ತೋಳಿನ ರೋಮ ಎದ್ದು ನಿಂತಿತು. ಕೊನೆಗೆ ಜೋಲ ಹೊರಬಂದು, ಅಮ್ಮನ ಮುಂದೆ ಕೂತು, ಮಂಡಿಯ ಮೇಲೆ ಪಂಜ ಇಟ್ಟಿತು. ಹುಡುಕಿದವರು ಸಿಕ್ಕರು ಎನ್ನಲು ಅಪ್ಪ ಕಲಿಸಿದ ಗುರುತು ಅದು.

ಅಮ್ಮ ಕತ್ತು ಹೊರಳಿಸಿ ಬೆನ್ನ ಹಿಂದಿನ ಖಾಲಿ ಗೋಡೆಯನ್ನು ನೋಡಿ ನಕ್ಕಳು. "ನನ್ನ ಹಿಂದೇನೇ ನಿಂತಿರ್ತಾರೆ. ದಿನಾ. ಮೊದಲಿಂದ್ಲೂ ಸಂಕೋಚದ ಮನುಷ್ಯ, ಮುಂದೆ ಬರಲ್ಲ."

ಚಿಕ್ಕಪ್ಪನಿಗೆ ಅರ್ಥವಾಗಿತ್ತು. ಅಂಗಿಯನ್ನು ನೋಡಿದ, ಅತ್ತಿಗೆಯ ಮುಖ ನೋಡಿದ, ತಲೆ ತಗ್ಗಿಸಿದ. "ಆಯ್ತು ಅತ್ತಿಗೆ. ನಿಮ್ಮಿಷ್ಟ," ಎಂದು ಬಾಗಿಲಿನತ್ತ ತಿರುಗಿದ.

ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಒಮ್ಮೆ ಅವಳೂ ಆ ಅಂಗಿಯನ್ನು ಮೂಸಿದ್ದಳು, ಆಸೆಯಿಂದ. ಅಲ್ಲಿ ಅಪ್ಪ ಇರಲಿಲ್ಲ. ಅಮ್ಮನ ಮಂಡಿನೋವಿನ ಮುಲಾಮು, ಅಮ್ಮನ ಸೋಪು, ಅಮ್ಮನ ಬೆವರು. ಹೇಳಿದರೆ ಅಪ್ಪನನ್ನು ಮನೆಯಿಂದ ಇನ್ನೊಮ್ಮೆ ಕಳಿಸಿದಂತೆ ಎಂದು ಬಾಯಿ ಮುಚ್ಚಿಕೊಂಡಿದ್ದಳು. ಈಗ ಚಿಕ್ಕಪ್ಪ ಹೊಸಿಲು ದಾಟಿಬಿಟ್ಟರೆ ಅಪ್ಪ ಹೊಳೆಯಾಚೆ ಇನ್ನೊಂದು ಮಳೆಗಾಲ ನೆನೆಯುತ್ತಾನೆ.

"ಅಮ್ಮಾ."

ಚಿಕ್ಕಪ್ಪ ಒಂದೇ ಚಪ್ಪಲಿಯಲ್ಲಿ ನಿಂತ. ಅಮ್ಮ ಇನ್ನೂ ಗೋಡೆಯ ಕಡೆಗೇ ನೋಡುತ್ತಿದ್ದಳು. ಪಂಜ ಮಂಡಿಯ ಮೇಲೇ ಇತ್ತು. ಶಾಭಾಸ್ ಅನ್ನಿಸಿಕೊಳ್ಳಲು ಜೋಲ ಕಾಯುತ್ತಿತ್ತು.

"ಅಂಗಿ ತುಂಬ ನಿನ್ನ ವಾಸನೇನೇ ಅಮ್ಮಾ. ಜೋಲ ದಿನಾ ಹುಡುಕ್ತಿರೋದು ನಿನ್ನನ್ನ."