ಪಕ್ಕದ ಕುರ್ಚಿಯ ಹೂಂ

ಹೂಂ ಅಂದವರು ಯಾರು? ದೊಡ್ಡಣ್ಣನೇ, ಅನುಮಾನವೇ ಇಲ್ಲ. ಆದರೆ ದೊಡ್ಡಣ್ಣನನ್ನು ಕೆಲಸದಿಂದ ತೆಗೆದು ಎಷ್ಟೋ ಕಾಲವಾಯಿತಲ್ಲ? ಹಾಗಾದರೆ ಪಕ್ಕದ ಕುರ್ಚಿಯಿಂದ ಬಂದ ಆ ದನಿ ಯಾರದು?

ಊಟದ ತಟ್ಟೆಯ ಮುಂದೆ ಕೂತು ಅವನು ಇದನ್ನೇ ಯೋಚಿಸುತ್ತಿದ್ದ. ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ಹೋಗುವ ಬರುವ ವಿಮಾನಗಳಿಗೆ ರೇಡಿಯೋದಲ್ಲಿ ದಾರಿ ಹೇಳುವುದು ಅವನ ಕೆಲಸ. ಮೊದಲು ಅಲ್ಲಿ ಇಬ್ಬರಿರುತ್ತಿದ್ದರು. ವಿಮಾನಕ್ಕೆ 'ಇಳಿಯಬಹುದು' ಎನ್ನುವ ಮುನ್ನ, ಎಲ್ಲರೂ ದೊಡ್ಡಣ್ಣ ಎಂದು ಕರೆಯುತ್ತಿದ್ದ ಹಿರಿಯ ಸಹೋದ್ಯೋಗಿ ಗಾಜಿನಾಚೆಯ ರನ್‌ವೇ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸುತ್ತಿದ್ದರು. ಖಾಲಿಯಿದ್ದರೆ ಮಾತ್ರ 'ಹೂಂ' ಅನ್ನುತ್ತಿದ್ದರು. ಆ ಹೂಂ ಬರುವವರೆಗೆ ಇವನು ಬಾಯಿ ತೆರೆಯುತ್ತಿರಲಿಲ್ಲ. ಅದು ಅವರಿಬ್ಬರ ರೂಢಿ.

ಖರ್ಚು ಇಳಿಸಲೆಂದು ಬಂದ ಹೊಸ ಮ್ಯಾನೇಜರ್ ಅದನ್ನು ಕಂಡು ನಕ್ಕರು. ಕಥೆಗೆ ಹೂಂಗುಟ್ಟುವವರಿಗೂ ಸಂಬಳವೇ ಎಂದು ಕೇಳಿ, ದೊಡ್ಡಣ್ಣನನ್ನು ಮನೆಗೆ ಕಳಿಸಿದರು. ಕುರ್ಚಿ ಮಾತ್ರ ಉಳಿಯಿತು. ಅದನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು.

ಆಮೇಲೆ ಇವನೇ ಬಾಯಿ, ಇವನೇ ಕಣ್ಣು. ಶಿಫ್ಟ್ ಉದ್ದವಾಯಿತು, ರಜೆ ಕರಗಿತು. ಟೀ ಕುಡಿಯಲು ಎದ್ದರೂ ಗೋಪುರ ಖಾಲಿ. ಒಂದು ದಿನ ಪಕ್ಕದಿಂದ ಮೆಲ್ಲಗೆ 'ಹೂಂ' ಕೇಳಿಸಿತು. ಬೆಚ್ಚಿ ತಿರುಗಿದರೆ ಯಾರೂ ಇಲ್ಲ. ಬರುಬರುತ್ತಾ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ, ಅದು ಕೇಳಿಸಿದಾಗ ಜೀವಕ್ಕೆ ಹಾಯೆನಿಸುತ್ತಿತ್ತು.

ಇವತ್ತು ಮಧ್ಯಾಹ್ನ ಮಂಜು ಕವಿದಿತ್ತು. ರನ್‌ವೇಯ ದೀಪಗಳನ್ನು ನೋಡಿ ಬರಲು ಇವನೇ ಒಂದು ಜೀಪನ್ನು ಬಿಟ್ಟಿದ್ದ. ಬಿಟ್ಟವನು ಮರೆತ. ಅಷ್ಟರಲ್ಲಿ ವಿಮಾನವೊಂದು ಇಳಿಯಲು ಕೇಳಿತು. ಪಕ್ಕದಿಂದ ಹೂಂ ಬಂತು. 'ಇಳಿಯಬಹುದು' ಎಂದುಬಿಟ್ಟ.

ಆಗ ರೇಡಿಯೋದಲ್ಲಿ ಜೀಪಿನ ಡ್ರೈವರ್ ದನಿ, ತೀರಾ ಮೆತ್ತಗೆ: "ಸರ್, ನಾನಿನ್ನೂ ಇಲ್ಲೇ ಇದೀನಿ."

ವಿಮಾನವನ್ನು ಮತ್ತೆ ಮೇಲಕ್ಕೆ ಹತ್ತಿಸಿದ. ಕಣ್ಣಿಗೆ ಕಾಣದ ಅದರ ಸದ್ದು ಗೋಪುರದ ಗಾಜುಗಳನ್ನು ನಡುಗಿಸಿಕೊಂಡು ಹೋಯಿತು.

ಮನೆಯಲ್ಲಿ, ಜೀಪನ್ನು ಮರೆತೆ ಎಂದಷ್ಟೇ ಹೇಳಿದ. ನಡೆದದ್ದನ್ನು ಮೇಲಿನವರಿಗೆ ಬರೆದುಕೊಟ್ಟರೆ ಕೆಲಸ ಹೋದೀತೆಂಬ ಭಯ. ಅಮ್ಮನದೂ ಅದೇ ಮಾತು.

"ಏನೂ ಆಗ್ಲಿಲ್ವಲ್ಲ ಮಗಾ. ಸುಮ್ನಿರಲಾರದೆ ಯಾಕೆ ಇರುವೆ ಬಿಟ್ಕೋತೀಯ?"

ಬರೆದುಕೊಡಲೇಬೇಕು ಎಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸ್. "ಅತ್ತೆ, ನಮ್ಮ ವಾರ್ಡಲ್ಲಿ ಅಪಾಯದ ಇಂಜೆಕ್ಷನ್ ಕೊಡೋ ಮುಂಚೆ ಇಬ್ಬರು ನೋಡ್ತೀವಿ. ನಾನು ದಡ್ಡಿ ಅಂತಲ್ಲ. ದಣಿದವರಿಗೆ ಬೇಕಾದ್ದೇ ಕಾಣುತ್ತೆ, ಬೇಕಾದ್ದೇ ಕೇಳಿಸುತ್ತೆ."

ಕೇಳಿಸುತ್ತೆ ಅಂದಾಗ ಅವನ ತುತ್ತು ಅರ್ಧದಲ್ಲೇ ನಿಂತಿತು.

"ಅದಕ್ಕೆ ಗಂಡನ ತಪ್ಪನ್ನ ಊರಿಗೆಲ್ಲ ಸಾರ್ತೀಯಾ?"

"ಊರಿಗಲ್ಲ ಅತ್ತೆ, ಸುರಕ್ಷತೆ ನೋಡ್ಕೊಳ್ಳೋರಿಗೆ. ಹೇಳದೇ ಇದ್ರೆ, 'ನೋಡಿ, ಒಬ್ಬರೇ ಸಾಕು, ಏನೂ ಆಗ್ತಿಲ್ಲ' ಅಂತಾರೆ ಆ ಮ್ಯಾನೇಜರ್. ಮುಂದಿನ ವಾರ ಮಗಳ ಮನೆಗೆ ಹೋಗೋಕೆ ನೀವು ವಿಮಾನ ಹತ್ತೋದೂ ಅಲ್ಲೇ ತಾನೆ?"

ಅಮ್ಮ ಮಗನ ಲೋಟಕ್ಕೆ ನೀರು ಬಗ್ಗಿಸಿ, "ಮೊದ್ಲು ಊಟ ಮುಗ್ಸು. ಆಮೇಲೆ ಬರಿ. ಅಕ್ಷರ ನೆಟ್ಟಗಿರ್ಲಿ," ಅಂದರು.

ಅವನು ಬರೆದುಕೊಟ್ಟ. ಜೀಪಿನ ಡ್ರೈವರೂ ಬರೆದ, ಬೇರೆ ಶಿಫ್ಟಿನವರೂ ಬರೆದರು. ವಿಚಾರಣೆ ನಡೆಯಿತು. ಅವನ ಕೆಲಸ ಉಳಿಯಿತು, ಪಕ್ಕದ ಕುರ್ಚಿಗೆ ಒಬ್ಬ ಹುಡುಗಿ ಬಂದಳು. ರನ್‌ವೇ ನೋಡಿ ಅವಳೂ 'ಹೂಂ' ಅನ್ನುವುದನ್ನು ಕಲಿತಳು.

ಓದುತ್ತಿರುವವರೇ, ನಿಮ್ಮ ಕೆಲಸ ಗೋಪುರದಲ್ಲೇ ಇರಬೇಕೆಂದಿಲ್ಲ. ಬಸ್ಸಿನ ಸ್ಟಿಯರಿಂಗ್ ಹಿಂದೆ, ಕರೆಂಟ್ ಕಂಬದ ಮೇಲೆ, ಆಸ್ಪತ್ರೆಯ ವಾರ್ಡಿನಲ್ಲಿ, ಎಲ್ಲೇ ಇರಲಿ, ದಣಿದಿದ್ದರೆ ದಣಿದಿದ್ದೇನೆ ಎನ್ನಿ. ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನು ಬರೆದುಕೊಡಿ. ಮನೆಯವರೇ, ಹೇಳಬೇಕೆಂದು ಬಂದವರ ಬಾಯಿ ಮುಚ್ಚಿಸಬೇಡಿ. ಇಬ್ಬರ ಜಾಗದಲ್ಲಿ ಒಬ್ಬರನ್ನೇ ಕೂರಿಸಿದ್ದು ಕಂಡರೆ, ಇನ್ನೊಬ್ಬರ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ ಎಂದು ಕೇಳಿ.

ಅವನು ಬರೆದುಕೊಟ್ಟದ್ದರಲ್ಲಿ ಆ ಹೂಂ ಇರಲಿಲ್ಲ. ಈಗಲೂ ಆ ಹುಡುಗಿ ಹೂಂ ಅಂದ ಮೇಲೆ, ಅದೇ ಕುರ್ಚಿಯಿಂದ, ಇನ್ನೊಂದು ಹೂಂ ಕೇಳಿಸುತ್ತದೆ. ಅದನ್ನು ಅವನು ಯಾರಿಗೂ ಹೇಳಿಲ್ಲ.