ಗಂಜಿಯಲ್ಲಿ ಬೆರೆಸಿದ್ದು

ಕಾನ್ಯೆ ಊರಿನ ಆ ಕೇರಿಯಲ್ಲಿ ಒಬುಸೆಂಗ್‌ಳಷ್ಟು ಹದವಾಗಿ ಜೋಳದ ಹುಳಿಗಂಜಿ ಕಾಯಿಸುವವರು ಇನ್ನೊಬ್ಬರಿರಲಿಲ್ಲ. ಬೆಳಿಗ್ಗೆ ಅಂಗಳದ ಒಲೆಯಿಂದ ಮಡಕೆ ಇಳಿಸುವ ಮುಂಚೆ ಧಾರಾಳವಾಗಿ ಎರಡು ಹಿಡಿ ಸಕ್ಕರೆ ಸುರಿಯುತ್ತಿದ್ದಳು. ಸೊಸೆ ಬೊನೊಲೊ ಮಾತ್ರ ಸಕ್ಕರೆ ಬೀಳುವ ಮೊದಲೇ ಬಟ್ಟಲು ಹಿಡಿದು ಬಂದು ನಿಲ್ಲುತ್ತಿದ್ದಳು.

"ಇಷ್ಟು ಸಾಕು ಅತ್ತೆ. ಉಪ್ಪು ಹಾಕ್ಕೊಂಡು ಕುಡೀತೀನಿ."

"ಬಂದು ಒಂದೂವರೆ ವರ್ಷ ಆಯ್ತು. ಒಂದಿನನಾದ್ರೂ ನಾನು ಮಾಡಿದ್ದನ್ನ ಮಾಡಿದ ಹಾಗೇ ತಿಂದಿದ್ದೀಯಾ?"

"ಸಿಹಿ ತಿಂದ್ರೆ ಹೊಟ್ಟೆ ತೊಳಸುತ್ತೆ. ಚಿಕ್ಕಂದಿನಿಂದ್ಲೂ ಹೀಗೇ. ಬೈದು ಬೈದು ನಮ್ಮಮ್ಮನೂ ಸುಸ್ತಾದ್ಲು."

ಬೊನೊಲೊ ಉಪ್ಪಲ್ಲಿ ಬೇಯಿಸಿದ ಮಾಂಸ ತಿನ್ನುತ್ತಿದ್ದಳು, ಮೊಸರು ತಿನ್ನುತ್ತಿದ್ದಳು. ಕಲ್ಲಂಗಡಿ ಕಾಲದಲ್ಲಿ ಮನೆಯವರೆಲ್ಲ ಹಣ್ಣು ಕೊಯ್ದು ಕೂತರೆ ಎದ್ದು ಹೋಗುತ್ತಿದ್ದಳು. ಮದುವೆಯ ದಿನ ಶುಂಠಿ ಪಾನಕವನ್ನು ತುಟಿಗೆ ಸೋಕಿಸಿ ಕೆಳಗಿಟ್ಟದ್ದನ್ನು ಬಂಧುಗಳು ಇನ್ನೂ ಆಡಿಕೊಳ್ಳುತ್ತಿದ್ದರು.

"ಸಿಹಿ ಯಾರಿಗಾದ್ರೂ ಒಗ್ಗದೆ ಇರುತ್ತೇನೇ?" ಎಂದು ಪಕ್ಕದ ಮನೆಯ ಕೆಲೆಬೊನ್ಯೆ ಒಮ್ಮೆ ಬೇಲಿಗೆ ಒರಗಿ ಕೇಳಿದಳು. "ನೀನು ಮದ್ದು ಹಾಕ್ತೀಯ ಅಂತ ಅನುಮಾನ ಕಣೇ ಅವಳಿಗೆ."

ಆ ಮಾತು ಒಬುಸೆಂಗ್‌ಳ ಎದೆಯಲ್ಲಿ ಮುಳ್ಳಾಗಿ ಕೂತಿತು.

ಮಗ ಟಿರೊ ದೂರದ ಗಣಿಯಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ. ಮೊಮ್ಮಗ ಪಾಕೊಗೆ ಆರು ತಿಂಗಳು ತುಂಬಿದಾಗ ಬೊನೊಲೊ ಸಮವಸ್ತ್ರ ಹೊಲಿಯುವ ಅಂಗಡಿಯ ಕೆಲಸಕ್ಕೆ ಮರಳಿದಳು. ಹೊರಡುವಾಗ ಹೇಳಿದಳು, "ಗಂಜಿ ಕೊಡಿ ಅತ್ತೆ, ಸಕ್ಕರೆ ಮಾತ್ರ ಬೇಡ. ಅವನಿಗೂ ನನ್ನ ಹಾಗೇ ಆದ್ರೆ?"

"ನಿನ್ನ ಪೊಗರನ್ನ ಮಗೂಗೂ ಕಲಿಸ್ಬೇಡ."

ಸೊಸೆಯ ಬೆನ್ನು ಮರೆಯಾಗುತ್ತಲೇ ಒಬುಸೆಂಗ್ ಗಂಜಿಗೆ ಒಂದು ಚಮಚ ಸಕ್ಕರೆ ಬೆರೆಸಿದಳು. ಕೆಟ್ಟ ಮನಸ್ಸಿನಿಂದಲ್ಲ. ಇವನಾದರೂ ನನ್ನ ಅಡುಗೆ ಮೆಚ್ಚಲಿ ಎಂಬ ಆಸೆ. ಮಗು ಮುಖ ತಿರುಗಿಸಿತು, ಉಗುಳಿತು, ಆಮೇಲೆ ವಾಂತಿ ಮಾಡಿತು. ಹಲ್ಲು ಬರುತ್ತಿರಬೇಕು ಎಂದುಕೊಂಡು ನೆಲ ಒರೆಸಿದಳು. ಮರುದಿನವೂ ಕೊಟ್ಟಳು. ಮೂರನೆಯ ದಿನ ಗಂಜಿ ತಿಂದ ಮೇಲೆ ಪಾಕೊ ಮೈಯೆಲ್ಲ ಬೆವತು ತಣ್ಣಗಾದ. ಕೂಗಿದರೆ ಕಣ್ಣು ತೆರೆಯಲಿಲ್ಲ.

ಕೆಲೆಬೊನ್ಯೆ ತಂಗಿಯ ಮಗನ ಗಾಡಿ ತರಿಸಿದಳು. ದಾರಿಯಲ್ಲಿ ಬೊನೊಲೊಳನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿದರು. ವೈದ್ಯೆ ಮಗುವಿನ ಕಾಲಿಗೆ ಸೂಜಿ ಚುಚ್ಚಿ ಗ್ಲೂಕೋಸ್ ಹನಿಸುತ್ತ ಕೇಳಿದಳು, "ಹಾಲು ಬಿಟ್ಟು ಬೇರೇನು ಕೊಟ್ರಿ?"

"ಬರೀ ಸಪ್ಪೆ ಗಂಜಿ," ಎಂದಳು ಬೊನೊಲೊ.

ಒಬುಸೆಂಗ್ ನೆಲ ನೋಡುತ್ತ ನಿಂತಿದ್ದಳು. ಪಕ್ಕದಲ್ಲೇ ಕೆಲೆಬೊನ್ಯೆ. ಕದ್ದು ತಿನ್ನಿಸಿದೆ ಎಂದು ಈಗ ಬಾಯಿಬಿಟ್ಟರೆ ಸಂಜೆಯೊಳಗೆ ಕೇರಿಯೆಲ್ಲ ತನ್ನನ್ನು ಮದ್ದು ಹಾಕುವವಳು ಎನ್ನುತ್ತದೆ. ಅಷ್ಟರಲ್ಲಿ ಮಗು ನರಳಿ ತುಟಿ ಅಲುಗಿಸಿತು; ನರ್ಸ್ ವಾಂತಿ ನಿಲ್ಲಲೆಂದು ಕೆಂಪು ಔಷಧಿಯ ಚಮಚವನ್ನು ಮಗುವಿನ ತುಟಿಯ ಬಳಿ ತಂದಳು. ಅದರ ಸಿಹಿ ವಾಸನೆ ಒಬುಸೆಂಗ್‌ಳ ಮೂಗಿಗೆ ಬಡಿಯಿತು.

"ಕೊಡ್ಬೇಡಿ!" ಎಂದು ಚೀರಿದಳು. "ಮೂರು ದಿನದಿಂದ ನಾನು ಸಕ್ಕರೆ ಹಾಕಿ ಕೊಟ್ಟಿದ್ದೀನಿ. ಕೊಟ್ಟಾಗೆಲ್ಲ ವಾಂತಿ ಮಾಡ್ದ. ನಾನೇ ಕೊಟ್ಟಿದ್ದು."

ಬೊನೊಲೊ ಅತ್ತೆಯನ್ನು ದಿಟ್ಟಿಸಿದಳು. ವೈದ್ಯೆ ನರ್ಸನ್ನು ತಡೆದು ಬೊನೊಲೊಳತ್ತ ತಿರುಗಿದಳು.

"ನೀವು ಸಿಹಿ ತಿಂತೀರಾ?"

"ಇಲ್ಲ. ಒಗ್ಗಲ್ಲ. ಹಣ್ಣೂ ಅಷ್ಟೇ."

"ಎಲ್ಲಿ, ಬಾಯಿ ತೆಗೀರಿ." ಸಿಹಿ ಮುಟ್ಟದ ಬಾಯಿ; ಒಂದು ಹಲ್ಲೂ ಹುಳುಕಾಗಿರಲಿಲ್ಲ. "ಇದು ಪೊಗರಲ್ಲ, ಯಾರ ಮಾಟವೂ ಅಲ್ಲ. ಹಣ್ಣಿನಲ್ಲಿ, ಸಕ್ಕರೆಯಲ್ಲಿ ಇರೋ ಒಂದಂಶ ಕೆಲವರಿಗೆ ಹುಟ್ಟಿನಿಂದ್ಲೇ ಅರಗಲ್ಲ, ವಿಷವಾಗುತ್ತೆ; ಈ ಗ್ಲೂಕೋಸ್‌ನಲ್ಲಿ ಅದಿಲ್ಲ. ರಕ್ತ ಪರೀಕ್ಷೆಗೆ ಕಳಿಸ್ತೀನಿ, ಆದ್ರೆ ನನಗೆ ಬಹುತೇಕ ಖಾತ್ರಿ. ಜೋಳ, ಹಾಲು, ಮಾಂಸ ಕೊಡಬಹುದು. ಜೇನು, ಹಣ್ಣು, ಸಿಹಿ ಔಷಧಿ ಬೇಡವೇ ಬೇಡ. ಅಜ್ಜಿ, ಇದು ತಾಯಿಯಿಂದ ಮಾತ್ರ ಬರೋದಲ್ಲ, ತಂದೆಗೆ ಏನೂ ಆಗದಿದ್ರೂ ಅವರ ಕಡೆಯಿಂದ್ಲೂ ಬಂದಿರ್ಬೇಕು."

ಸಂಜೆ ಪಾಕೊ ಕಣ್ಣುಬಿಟ್ಟು ಎದೆಹಾಲು ಕುಡಿದ. ಆಸ್ಪತ್ರೆಯ ಜಗುಲಿಯಲ್ಲಿ ಒಬುಸೆಂಗ್ ಯಾರಿಗೂ ಹೇಳದ ಮಾತೊಂದನ್ನು ಸೊಸೆಗೆ ಹೇಳಿದಳು.

"ಟಿರೊಗಿಂತ ಮುಂಚೆ ನನಗೊಬ್ಳು ಮಗಳಿದ್ಲು. ಏಳು ತಿಂಗಳಿಗೆ ಹೋದ್ಲು. ಅಳ್ತಾಳೆ ಅಂತ ಸಕ್ಕರೆ ನೀರು ಕುಡಿಸ್ತಿದ್ದೆ. ಅದೇ ಇತ್ತೋ ಏನೋ, ಈಗ ಯಾರು ಹೇಳ್ತಾರೆ?"

ಬೊನೊಲೊ ಅತ್ತೆಯ ಪಕ್ಕದಲ್ಲಿ ಕೂತಳು. "ನಿಮಗೆ ಗೊತ್ತಿರ್ಲಿಲ್ಲ ಅತ್ತೆ. ಆದ್ರೆ ಪಾಕೊಗೆ ಕೊಡ್ಬೇಡಿ ಅಂತ ನಾನು ಹೇಳಿದ್ದೆ. ಆ ಸಿಟ್ಟು ನನಗಿನ್ನೂ ಹೋಗಿಲ್ಲ."

"ಹೋಗೋದು ಬೇಡ. ಇರ್ಲಿ."

ಆಮೇಲಿನ ಒಂದು ತಿಂಗಳು ಬೊನೊಲೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಕೆಲಸಕ್ಕೆ ಹೋದಳು. ಒಬುಸೆಂಗ್ ತಡೆಯಲಿಲ್ಲ. ಪಾಕೊಗೆ ನೆಗಡಿಯಾದಾಗ ಔಷಧಿ ಅಂಗಡಿಗೆ ಹೋಗಿ, "ಸಕ್ಕರೆ ಇಲ್ಲದ್ದು ಕೊಡಿ, ಏನಿದೆ ಅಂತ ಓದಿ ಹೇಳಿ" ಎಂದು ಮೂರು ಸೀಸೆ ವಾಪಸು ಇಡಿಸಿದಳು.

ಒಂದು ಸೋಮವಾರ ಬೊನೊಲೊ ಬೆನ್ನಿನ ಕಂಬಳಿ ಬಿಚ್ಚಿ ಮಗುವನ್ನು ಅತ್ತೆಯ ತೊಡೆಯ ಮೇಲಿಟ್ಟಳು.

"ಹೊತ್ತಾಯ್ತು. ಗಂಜಿ ತಿನ್ನಿಸಿ. ಮಧ್ಯಾಹ್ನ ಬರ್ತೀನಿ."

ಹಿಂದಿರುಗಿ ನೋಡದೆ ನಡೆದಳು. ಒಬುಸೆಂಗ್ ಗಂಜಿಗೆ ಹಾಲು ಬೆರೆಸಿ ಚಮಚ ಎತ್ತಿದಳು. ಪಾಕೊ ಬಾಯಿ ತೆರೆದ.

ಬೇಲಿಯಾಚೆಯಿಂದ ಕೆಲೆಬೊನ್ಯೆ ಇಣುಕಿದಳು. "ಏನೇ, ಇಷ್ಟು ದಿನಕ್ಕೆ ಮೊಮ್ಮಗ ಕೈಗೆ ಸಿಕ್ಕಿದ್ದಾನೆ, ಸಪ್ಪೆ ಗಂಜಿ ತಿನ್ನಿಸ್ತಿದ್ದೀಯಲ್ಲ!"

"ಹೂಂ, ಸಪ್ಪೇನೇ," ಎಂದಳು ಒಬುಸೆಂಗ್, ತಲೆ ಎತ್ತದೆ. "ಅವರಮ್ಮ ಹೇಳಿದ್ದಾಳೆ."