ತಲೆಹೊರೆ ಮರೆತ ಕನ್ನಡಕ

ಕ್ಯಾಸನೂರು ಕಡೆಯವರಿಗೆ ಕೊಟ್ಟಿಗೆಗೆ ಹಾಸಲು ತರಗೆಲೆ ಬೇಕೇ ಬೇಕು. ತರಗೆಲೆಯಲ್ಲಿ ರಕ್ತ ಹೀರುವ ಉಣುಗು ಇರುತ್ತದೆ, ಅದು ಕಚ್ಚಿದರೆ ಮಂಗನ ಕಾಯಿಲೆಯ ಭಯ. ಹೋದ ವರ್ಷ ಅಲ್ಲಿನ ವರದಮ್ಮನ ತಂಗಿ ನಾಗವೇಣಿ ಆ ಜ್ವರದಿಂದ ಬದುಕಿ ಬಂದದ್ದೇ ಹೆಚ್ಚು. ಆದರೂ ವರದಮ್ಮ ಕಾಡಿಗೆ ಹೋಗುವುದು ತಪ್ಪಲಿಲ್ಲ.

ಒಂದು ದಿನ ಆಶಾ ಕಾರ್ಯಕರ್ತೆ ರಾಜೇಶ್ವರಮ್ಮ ಶಿಕಾರಿಪುರದ ಇಂಜಿನಿಯರಿಂಗ್ ವಿದ್ಯಾರ್ಥಿನಿ ಸ್ಪಂದನಳನ್ನು ಕರೆತಂದರು. ಅವಳ ಕೈಯಲ್ಲಿ ದಪ್ಪನೆಯ ಕಪ್ಪು ಕನ್ನಡಕ.

"ಎಂತ ಮಗಾ ಇದು? ವೆಲ್ಡಿಂಗ್ ಮಾಡೋರದ್ದಾ?" ಎಂದಳು ವರದಮ್ಮ.

"ವಿ.ಆರ್. ಕನ್ನಡಕ ರೀ ಅಮ್ಮಾ, ನನ್ನ ಪ್ರಾಜೆಕ್ಟು. ಹಾಕ್ಕೊಂಡ್ರೆ ಕಾಡು ಕಾಣ್ತೈತಿ. ಉಣುಗು ಮೈಗೆ ಹೆಂಗ್ ಹತ್ತತೈತಿ ಅಂತ ದೊಡ್ಡದಾಗಿ ತೋರಿಸ್ತೈತ್ರಿ."

"ಕಾಡು ಮನೆ ಹಿಂದೇನೇ ಐತಲ್ಲ! ನೋಡಕ್ಕೆ ಕನ್ನಡಕ ಬೇರೆ ಬೇಕಾ?"

ರಾಜೇಶ್ವರಮ್ಮ ನಕ್ಕರು. "ಆ ಕಾಡಲ್ಲಿ ತಪ್ಪಿದ್ರೆ ಜ್ವರ. ಈ ಕಾಡಲ್ಲಿ ತಪ್ಪಿದ್ರೆ ಬರೀ ಪಾಠ. ಕೂತ್ಕೊಂಡೇ ನೋಡು. ತಲೆ ತಿರುಗಿದ್ರೆ ತೆಗೆದ್ಬಿಡು."

ಬೇಡ ಬೇಡ ಎನ್ನುತ್ತಲೇ ವರದಮ್ಮ ಹಾಕಿಕೊಂಡಳು. "ಅಯ್ಯೋ, ಮತ್ತಿಮರ!" ಎಂದಳು. ಇಲ್ಲದ ಎಲೆಯನ್ನು ಎರಡೂ ಕೈಯಿಂದ ಬಾಚಿದಳು. ಹುಣಸೆಬೀಜದಷ್ಟು ಉಣುಗು ಕಂಡದ್ದೇ ತಡ, ಕಾಲು ಕೊಡವಿದಳು.

"ಈಗ ಅಲ್ಲಿ ಕಾಣೋ ಗಾಡಿಗೆ ಎಲೆ ಹಾಕ್ರಿ," ಎಂದಳು ಸ್ಪಂದನ.

ವರದಮ್ಮ ಕೈಗಳನ್ನು ತಲೆಯ ಮೇಲೆತ್ತಿದವಳು ಹಾಗೇ ನಿಲ್ಲಿಸಿದಳು. "ಗಾಡಿ ಯಾರ ಮನೇಲಿ ಐತೆ? ನಾವು ಹೊರೋದು ತಲೆ ಮೇಲೆ. ನಮ್ಮ ನಾಗವೇಣಿ ಉಣುಗು ಹತ್ತದ ಹಾಗೆ ಕೈಕಾಲಿಗೆಲ್ಲ ಎಣ್ಣೆ ಹಚ್ಚಿದ್ಲು. ಉಣುಗು ಸಿಕ್ಕಿದ್ದು ಕುತ್ತಿಗೆ ಹಿಂದೆ. ನಿನ್ನ ಕಾಡಲ್ಲಿ ಕುತ್ತಿಗೇನೇ ಇಲ್ಲ!"

ಸ್ಪಂದನಳ ಮುಖ ಸಣ್ಣದಾಯಿತು. "ಇಪ್ಪತ್ತು ಮಂದಿ ನೋಡ್ಯಾರ್ರೀ. ಎಲ್ಲಾರೂ ಚಲೋ ಐತಿ ಅಂದ್ರು."

"ಮನೆಗೆ ಬಂದ ಹುಡುಗಿಗೆ ಬೇಜಾರು ಮಾಡದು ಬೇಡ ಅಂತ ಅಂದಿರ್ತಾರೆ," ಎಂದರು ರಾಜೇಶ್ವರಮ್ಮ.

ನಮ್ಮವರ ಈ ಒಳ್ಳೆಯತನ ಒಮ್ಮೊಮ್ಮೆ ಸಿಟ್ಟು ತರಿಸುತ್ತದೆ. ಇಪ್ಪತ್ತು ಜನರ ದಾಕ್ಷಿಣ್ಯಕ್ಕೆ ಊರಿನವರೆಲ್ಲ ತಪ್ಪು ಪಾಠ ಕಲಿಯಬೇಕಾಗುತ್ತಿತ್ತು!

ಹದಿನೈದು ದಿನಕ್ಕೆ ಸ್ಪಂದನ ಮತ್ತೆ ಬಂದಳು. ಕನ್ನಡಕದ ಕಾಡಿನಲ್ಲಿ ಗಾಡಿ ಹೋಗಿ ತಲೆಹೊರೆ ಬಂದಿತ್ತು. ಈ ಸಲ ಕನ್ನಡಕ ಕೇಳಿ ಪಡೆದವಳು ನಾಗವೇಣಿ. ನೋಡುತ್ತ ನೋಡುತ್ತ ಅವಳ ಕೈ ಕುತ್ತಿಗೆಯ ಹಿಂದೆ ಹೋಯಿತು.

"ಅಕ್ಕಾ, ಹೊರೆಯಿಂದ ಹಿಂಗೇ ಇಳಿದಿದ್ದು ಆ ಉಣುಗು. ನಂಗೆ ಗೊತ್ತೇ ಆಗ್ಲಿಲ್ಲ."

ವರದಮ್ಮ ಎಣ್ಣೆಯ ಬಾಟಲಿ ತಂದು, ಮೊದಲು ತಂಗಿಯ ಕುತ್ತಿಗೆಗೆ, ಆಮೇಲೆ ತನ್ನ ಕುತ್ತಿಗೆಗೆ ಹಚ್ಚಿದಳು.

ಅಕ್ಕತಂಗಿಯರೇ, ಕಾಡಿಗೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೂ ಕುತ್ತಿಗೆಗೂ ಹಚ್ಚಿ. ಬಂದ ಮೇಲೆ ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಸ್ನಾನ ಮಾಡಿ. ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ವಿದ್ಯಾರ್ಥಿಗಳು ಇಂಥದ್ದೇನಾದರೂ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಕೂರಿಸಿ, ನೋಡಿ, ತಪ್ಪಿದ್ದರೆ ಮುಖಕ್ಕೇ ಹೇಳಿ. ನೀವು ತೋರಿಸಿಕೊಡುವ ಒಂದು ತಪ್ಪು ಯಾರದೋ ಜೀವ ಉಳಿಸಬಹುದು.